‘ಹ್ಯಾಕರ್’ ಎಂಬ ಹೆಸರಿನ ಪಾಡು

ಕಳೆದ ತಿಂಗಳು ನಮ್ಮ ಪತ್ರಿಕೆಯ ಮೂರನೆಯ ಪುಟದಲ್ಲಿ ‘ಹ್ಯಾಕರುಗಳ ಹಾವಳಿ’ ಎಂಬ ದಪ್ಪಕ್ಷರದ ತಲೆಬರಹದ ಕೆಳಗೆ ಒಂದು ವರ್ತಮಾನವು ಪ್ರಕಟವಾಗಿದ್ದುದು ವಾಚಕರಲ್ಲಿ ಕೆಲವರಿಗಾದರೂ ನೆನಪಿರಬಹುದು. ನಿವೃತ್ತ ಅಧಿಕಾರಿಗಳೊಬ್ಬರಿಗೆ ಯಾರೋ ದೂರವಾಣಿಯಲ್ಲಿ ಮಾತನಾಡಿ, ತಾವು ಬ್ಯಾಂಕಿನವರೆಂದು ನಂಬಿಸಿ, ಗುಪ್ತಸಂಖ್ಯೆಯನ್ನು ಅವರ ಬಾಯಿಂದಲೇ ಹೊರಡಿಸಿ, ಅವರ ಉಳಿತಾಯದ ಹಣವನ್ನು ಲಪಟಾಯಿಸಿದ ಸಂಗತಿ ಅದು. ಮರುದಿನ ಮಧ್ಯಾಹ್ನ ತರುಣನೊಬ್ಬನು ನಮ್ಮ ಕಚೇರಿಗೆ ಬಂದು ಆ ಪುಟವನ್ನು ಮೇಜಿನ ಮೇಲೆ ಹರವಿ, “ಸ್ವಾಮಿ, ಈ ಹಣ ಕದ್ದವರು ಹ್ಯಾಕರುಗಳಲ್ಲ, ಹ್ಯಾಕರ್ ನಾನು” ಎಂದನು. ನಮ್ಮ ಉಪಸಂಪಾದಕರು ಪೊಲೀಸು ಠಾಣೆಯ ದೂರವಾಣಿಯ ಸಂಖ್ಯೆಯನ್ನು ಹುಡುಕತೊಡಗಿದರು. ಅವರನ್ನು ತಡೆದು, ತರುಣನನ್ನು ಕುಳ್ಳಿರಿಸಿ ವಿಚಾರಿಸಲಾಗಿ, ಕಂಪೆನಿಗಳವರ ಗಣಕಯಂತ್ರಗಳ ಬೀಗಗಳನ್ನು ಅವರದೇ ಅನುಮತಿಯಿಂದ ಪರೀಕ್ಷಿಸಿ, ಬಿರುಕುಗಳನ್ನು ಕಂಡುಹಿಡಿದು ತಿಳಿಸುವುದೇ ಅವನ ಉದ್ಯೋಗವೆಂದು ತಿಳಿಯಬಂದಿತು. “ನಮ್ಮ ತಾಯಿ ನಿಮ್ಮ ಪತ್ರಿಕೆಯನ್ನು ದಿನವೂ ಓದುತ್ತಾರೆ, ಸ್ವಾಮಿ. ನಾಳೆ ಹೆಣ್ಣು ಕೊಡುವವರು ಬಂದು ಹುಡುಗನ ಕೆಲಸವೇನೆಂದು ಕೇಳಿದರೆ ಏನೆಂದು ಹೇಳಲಿ ಎಂದು ನಿನ್ನೆ ರಾತ್ರಿ ನನ್ನನ್ನು ಕೇಳಿದರು” ಎಂದು ಹೇಳಿ ಅವನು ಹೊರಟುಹೋದನು.

ಈ ಮಾತು ನಮ್ಮ ಮನಸ್ಸಿನಲ್ಲಿ ಉಳಿಯಿತು. ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು ಎಂಬ ಗಾದೆಯು ಆಡುವವರಿಗಿಂತಲೂ ಅಚ್ಚುಹಾಕುವವರಿಗೆ ಹೆಚ್ಚಾಗಿ ಅನ್ವಯಿಸತಕ್ಕದ್ದು. ಆದುದರಿಂದ ಈ ಹೆಸರು ಎಲ್ಲಿ ಹುಟ್ಟಿತು, ಹೇಗೆ ಕೆಟ್ಟಿತು, ಅದರ ಸುತ್ತಲೂ ಬೆಳೆದ ಸೈಬರ್‌ಪಂಕ್ ಎಂಬ ಸಾಹಿತ್ಯದಲ್ಲಿಯೂ ಅಂತರಜಾಲದ ಬೀದಿಮಾತಿನಲ್ಲಿಯೂ ಯಾವ ಯಾವ ಬಿರುದುಗಳು ಹುಟ್ಟಿಕೊಂಡವು ಎಂಬುದನ್ನು ನಾವು ಕೆಲವು ದಿನ ವಿಚಾರಿಸಿದೆವು. ತಿಳಿದುಬಂದುದನ್ನು ವಾಚಕರ ಮುಂದಿಡುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ಇಂಗ್ಲಿಷಿನಲ್ಲಿ ‘ಹ್ಯಾಕ್’ ಎಂದರೆ ಮೊದಲಿಗೆ ಕೊಡಲಿಯಿಂದ ಒಡ್ಡೊಡ್ಡಾಗಿ ಕೊಚ್ಚುವುದು. ಅದೇ ರೂಪದ ಇನ್ನೊಂದು ಶಬ್ದವು ಬಾಡಿಗೆಯ ಕುದುರೆಯ ಹೆಸರಿನಿಂದ ಬಂದುದು. ಕೂಲಿಗಾಗಿ ಬರೆಯುವ ಲೇಖಕನಿಗೂ ಪತ್ರಿಕೆಗಾರನಿಗೂ ಆ ದೇಶದವರು ಅದೇ ಹೆಸರನ್ನಿಟ್ಟಿದ್ದಾರೆ. ಹೀಗಾಗಿ ಹ್ಯಾಕ್ ಎಂಬ ಬಿರುದು ಆ ತರುಣನಿಗಿಂತ ಮೊದಲೇ ನಮ್ಮ ಕುಲಕ್ಕೆ ಸಂದಿರುವುದನ್ನು ಇಲ್ಲಿ ವಿನಯದಿಂದ ಒಪ್ಪಿಕೊಂಡು ಮುಂದುವರಿಯುತ್ತೇವೆ.

ಈಗಿನ ಅರ್ಥದ ತವರುಮನೆ ಅಮೆರಿಕದ ಮ್ಯಾಸಚೂಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಎಂಬ ವಿದ್ಯಾಸಂಸ್ಥೆ. ಅಲ್ಲಿ 1946ನೆಯ ಇಸವಿಯಲ್ಲಿ ಆಟದ ರೈಲುಗಳನ್ನು ಕಟ್ಟುವ ವಿದ್ಯಾರ್ಥಿಗಳ ಸಂಘವೊಂದು ಸ್ಥಾಪಿತವಾಯಿತು. ಮೇಜಿನ ಮೇಲೆ ಗಿಡ, ಸೇತುವೆ, ನಿಲ್ದಾಣಗಳನ್ನು ಅಲಂಕರಿಸುವವರು ಕೆಲವರಾದರೆ, ಮೇಜಿನ ಕೆಳಗೆ ಹುದುಗಿ ತಂತಿಗಳನ್ನೂ ವಿದ್ಯುತ್ ಕೀಲಿಗಳನ್ನೂ ಜೋಡಿಸುವವರು ಇನ್ನು ಕೆಲವರು. ಈ ಎರಡನೆಯ ಗುಂಪಿನವರು ತಮ್ಮ ಜಾಣತನದ ಕೈಕೆಲಸಕ್ಕೆ ‘ಹ್ಯಾಕ್’ ಎಂದು ಹೆಸರಿಟ್ಟರು. 1955ರ ಸಂಘದ ನಡವಳಿಯಲ್ಲಿಯೇ ಈ ಮಾತು ಕಾಣಬರುತ್ತದೆ. 1959ರಲ್ಲಿ ಪೀಟರ್ ಸ್ಯಾಮ್ಸನ್ ಎಂಬ ಸದಸ್ಯನು ಸಂಘದ ಪರಿಭಾಷೆಗೆ ಒಂದು ಚಿಕ್ಕ ನಿಘಂಟನ್ನೇ ಬರೆದನು. 1958ರಲ್ಲಿ ಟಿಎಕ್ಸ್-0 ಎಂಬ ಗಣಕಯಂತ್ರವು ಆ ವಿದ್ಯಾಸಂಸ್ಥೆಗೆ ಬಂದಾಗ ಈ ಹುಡುಗರು ಮೇಜಿನ ಕೆಳಗಿಂದ ಎದ್ದು ಅದರ ಮುಂದೆ ಕುಳಿತರು. ಯಂತ್ರವನ್ನು ರಾತ್ರಿಯೆಲ್ಲ ಬಳಸಿ, ನೂರು ಸಾಲಿನಲ್ಲಿ ಆಗುವ ಕೆಲಸವನ್ನು ಐವತ್ತು ಸಾಲಿನಲ್ಲಿ ಮಾಡಿ ತೋರಿಸಿದವನೇ ಅವರಲ್ಲಿ ಹ್ಯಾಕರ್ ಎನ್ನಿಸಿಕೊಂಡನು. ನಮ್ಮ ಪಾಠಶಾಲೆಯ ವೈಯಾಕರಣರು ಸೂತ್ರದಲ್ಲಿ ಅರ್ಧಮಾತ್ರೆ ಉಳಿದರೆ ಪುತ್ರೋತ್ಸವದಂತೆ ಹಿಗ್ಗುತ್ತಿದ್ದರೆಂಬ ಮಾತುಂಟಷ್ಟೆ. ಈ ಹಿಗ್ಗೂ ಅದೇ ಜಾತಿಯದು.

ಆದರೆ ಹೆಸರು ಆದಿಯಲ್ಲಿ ನಿಷ್ಕಳಂಕವಾಗಿತ್ತು, ಪತ್ರಿಕೆಗಳೇ ಕೆಡಿಸಿದವು ಎಂಬ ವಾದವನ್ನು ನಾವು ಪೂರ್ಣವಾಗಿ ಒಪ್ಪಲಾರೆವು. 1963ರ ನವೆಂಬರಿನಲ್ಲಿ ಅದೇ ಸಂಸ್ಥೆಯ ವಿದ್ಯಾರ್ಥಿ ಪತ್ರಿಕೆಯು, ದೂರವಾಣಿಯ ತಂತಿಗಳಲ್ಲಿ ಕೈಯಾಡಿಸುವ ‘ಹ್ಯಾಕರು’ಗಳ ದೆಸೆಯಿಂದ ಅಲ್ಲಿನ ದೂರವಾಣಿ ಸೌಕರ್ಯಗಳನ್ನು ಕಡಮೆಮಾಡಬೇಕಾಯಿತೆಂದು ವರದಿಮಾಡಿತು. ಅಂದರೆ ಶಬ್ದ ಹುಟ್ಟಿ ಹತ್ತು ವರ್ಷ ತುಂಬುವ ಮೊದಲೇ, ಹುಟ್ಟಿದ ಅಂಗಳದಲ್ಲಿಯೇ, ಅದಕ್ಕೆ ಮಸಿ ಹತ್ತಿತ್ತು. ಜಾಣತನಕ್ಕೂ ತುಂಟತನಕ್ಕೂ ನಡುವೆ ಗೋಡೆಯಿಲ್ಲ. ಒಂದು ಹೊಸಲು ಮಾತ್ರ ಇದೆ.

ಆ ಹೊಸಲನ್ನು ದಾಟಿದವರಲ್ಲಿ ಮೊದಲಿಗರು ‘ಫ್ರೀಕ್’ ಎನ್ನಿಸಿಕೊಂಡವರು. ಫ್ರೀಕ್ ಎಂದರೆ ಹುಚ್ಚು ಹಿಡಿದವನು. ಫೋನಿನ ಹುಚ್ಚರಾದ ಇವರು ಆ ಶಬ್ದದ ಮೊದಲಕ್ಷರಕ್ಕೆ ಬದಲಾಗಿ ಫೋನ್ ಶಬ್ದದ ಆದ್ಯಕ್ಷರಗಳನ್ನು ಸೇರಿಸಿ ಬರೆಯತೊಡಗಿದರು. ಉಚ್ಚಾರಣೆಯು ಒಂದೇ ಆದುದರಿಂದ ಕನ್ನಡ ಲಿಪಿಯಲ್ಲಿ ಈ ಭೇದವು ಕಾಣದು. ನಮ್ಮ ಲಿಪಿಯು ಇಂತಹ ಆಟಗಳಿಗೆ ಒದಗುವಷ್ಟು ಸಡಿಲವಲ್ಲ. ಅಮೆರಿಕದ ದೂರದ ಕರೆಗಳ ತಂತಿಗಳು ಸೆಕೆಂಡಿಗೆ 2600 ಕಂಪನಗಳ ಒಂದು ಸ್ವರವನ್ನು ಕೇಳಿದೊಡನೆ ಕರೆ ಮುಗಿಯಿತೆಂದು ತಿಳಿಯುತ್ತಿದ್ದವು. ಆ ಬಳಿಕ ಯಂತ್ರವನ್ನು ಮೋಸಗೊಳಿಸಿ ಹಣವಿಲ್ಲದೆ ಮಾತನಾಡಬಹುದಾಗಿತ್ತು. ಹುಟ್ಟುಕುರುಡನಾದ ಜೋ ಎಂಗ್ರೆಸಿಯ ಎಂಬುವನು ಈ ಸ್ವರವನ್ನು ಬಾಯಿಂದಲೇ ಶಿಳ್ಳೆಹಾಕಬಲ್ಲವನಾಗಿದ್ದನು. ಜಾನ್ ಡ್ರೇಪರ್ ಎಂಬುವನು, ಮಕ್ಕಳ ಉಪಾಹಾರದ ಪೊಟ್ಟಣದಲ್ಲಿ ಬಿಟ್ಟಿಯಾಗಿ ಕೊಡುತ್ತಿದ್ದ ಪೀಪಿಯಿಂದ ಅದೇ ಸ್ವರ ಹೊರಡುವುದೆಂದು ತಿಳಿದು, ಆ ಉಪಾಹಾರದ ಹೆಸರನ್ನೇ ತನ್ನ ಬಿರುದಾಗಿ ಧರಿಸಿ ‘ಕ್ಯಾಪ್ಟನ್ ಕ್ರಂಚ್’ ಆದನು. 1971ರ ಅಕ್ಟೋಬರಿನ ಎಸ್ಕ್ವಯರ್ ಮಾಸಪತ್ರಿಕೆಯಲ್ಲಿ ರಾನ್ ರೋಸನ್‌ಬಾಮ್ ಇವರ ಕಥೆಯನ್ನು ಬರೆದಮೇಲೆ ಲೋಕಕ್ಕೆ ಇವರ ಪರಿಚಯವಾಯಿತು. ಈಗ ಬ್ಯಾಂಕಿನ ಹೆಸರಿನಲ್ಲಿ ಸುಳ್ಳೋಲೆ ಕಳುಹಿಸಿ ಗಾಳಹಾಕುವುದಕ್ಕೆ ‘ಫಿಶಿಂಗ್’ ಎನ್ನುವರಷ್ಟೆ. ಮೀನು ಹಿಡಿಯುವುದೆಂಬ ಆ ಮಾತನ್ನೂ ಇದೇ ಮುರಿದ ಕಾಗುಣಿತದಲ್ಲಿ ಬರೆಯುವ ರೂಢಿಯಿದೆ.

ಇನ್ನು ನಮ್ಮವರ ಪಾತ್ರಕ್ಕೆ ಬರೋಣ. 1983ರಲ್ಲಿ ‘ವಾರ್ ಗೇಮ್ಸ್’ ಎಂಬ ಚಲಚ್ಚಿತ್ರವು ಬಂದಿತು. ಹುಡುಗನೊಬ್ಬನು ಮನೆಯ ಗಣಕಯಂತ್ರದಿಂದ ಸೈನ್ಯದ ಯಂತ್ರವನ್ನು ಹೊಕ್ಕು ಜಗದ್ಯುದ್ಧವನ್ನು ತಂದಿಡುವಂತಹ ಕಥೆ. ಅದೇ ವರ್ಷ ಮಿಲ್ವಾಕೀ ನಗರದ ಕೆಲವು ಎಳೆಯರು, ತಮ್ಮ ಊರಿನ ದೂರವಾಣಿ ಸಂಕೇತವಾದ 414 ಎಂಬುದನ್ನೇ ಗುಂಪಿನ ಹೆಸರಾಗಿಟ್ಟುಕೊಂಡು, ಪರರ ಯಂತ್ರಗಳಲ್ಲಿ ಪ್ರವೇಶಿಸಿ ಸಿಕ್ಕಿಬಿದ್ದರು. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎನ್ನುವಂತೆ ಪತ್ರಿಕೆಗಳವರು ಚಿತ್ರವನ್ನೂ ವರ್ತಮಾನವನ್ನೂ ಬೆರೆಸಿ, ಹ್ಯಾಕರ್ ಎಂದರೆ ಅಪರಾಧಿ ಎಂಬ ಅರ್ಥವನ್ನು ಊರೂರಿಗೆ ಹಂಚಿದರು. ಅದೇ 1983ರಲ್ಲಿ ಗೈ ಸ್ಟೀಲ್ ಮೊದಲಾದವರು ಹ್ಯಾಕರುಗಳ ಆಡುನುಡಿಯ ಕೋಶವನ್ನು ಪುಸ್ತಕವಾಗಿ ಹೊರತಂದರು. ಮರುವರ್ಷ ಸ್ಟೀವನ್ ಲೀವಿ ಅವರ ಗುಣಗಾನಮಾಡಿ ‘ಹ್ಯಾಕರ್ಸ್’ ಎಂಬ ಗ್ರಂಥವನ್ನು ಬರೆದನು. ಆದರೆ ಲಕ್ಷಗಟ್ಟಲೆ ಪ್ರತಿಗಳ ಎದುರಿಗೆ ಒಂದೆರಡು ಪುಸ್ತಕಗಳು ಏನು ಮಾಡಿಯಾವು? 1985ರ ಸುಮಾರಿಗೆ ಅವರು ತಮ್ಮ ಹೆಸರನ್ನು ಉಳಿಸಿಕೊಳ್ಳಲು ಬೀಗ ಒಡೆಯುವವರಿಗೆ ‘ಕ್ರ್ಯಾಕರ್’ ಎಂಬ ಬೇರೆ ಹೆಸರನ್ನು ಕಟ್ಟಿದರು. ಪತ್ರಿಕೆಗಳು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ನಮ್ಮ ದೇಶದಲ್ಲಂತೂ ಕ್ರ್ಯಾಕರ್ ಎಂದರೆ ದೀಪಾವಳಿಯ ಪಟಾಕಿಯೇ ಸರಿ.

ಈ ನಡುವೆ ಕಾದಂಬರಿಕಾರರು ಹೊಸ ಬಿರುದುಗಳನ್ನು ಸೃಷ್ಟಿಸತೊಡಗಿದ್ದರು. ಬ್ರೂಸ್ ಬೆತ್ಕಿ ಎಂಬುವನು 1980ರಲ್ಲಿ ಬರೆದು 1983ರಲ್ಲಿ ಪ್ರಕಟಿಸಿದ ಸಣ್ಣ ಕಥೆಯ ಹೆಸರು ‘ಸೈಬರ್‌ಪಂಕ್’. ಸೈಬರ್ ಎಂಬುದು ನಾರ್ಬರ್ಟ್ ವೀನರ್ ಎಂಬ ಗಣಿತಜ್ಞನು 1948ರಲ್ಲಿ ಗ್ರೀಕಿನಿಂದ ಎತ್ತಿಕೊಂಡ ಶಬ್ದದ ತುಣುಕು. ಅದರ ಮೂಲಾರ್ಥವು ನಾವೆಯ ಚುಕ್ಕಾಣಿ ಹಿಡಿಯುವವನು, ಎಂದರೆ ನಮ್ಮ ಸಂಸ್ಕೃತದ ಕರ್ಣಧಾರ. ಪಂಕ್ ಎಂದರೆ ಬೀದಿಯ ಪೋಕರಿ. ಕರ್ಣಧಾರನನ್ನೂ ಪೋಕರಿಯನ್ನೂ ಒಂದೇ ಸಮಾಸದಲ್ಲಿ ಕೂಡಿಸಿದುದರಲ್ಲಿ ಈ ಸಾಹಿತ್ಯದ ಲಕ್ಷಣವೆಲ್ಲ ಅಡಗಿದೆ: ಅತ್ಯುನ್ನತ ಯಂತ್ರವಿದ್ಯೆ, ಅತಿ ನೀಚ ಜೀವನ, ಸರ್ಕಾರಗಳಿಗಿಂತ ಬಲಿಷ್ಠವಾದ ಕಂಪೆನಿಗಳು, ಅವುಗಳ ಭಂಡಾರಕ್ಕೆ ಕನ್ನವಿಕ್ಕಿ ಹೊಟ್ಟೆಹೊರೆಯುವ ಬಡ ಜಾಣರು. ವಿಲಿಯಂ ಗಿಬ್ಸನ್ 1982ರ ಒಂದು ಕಥೆಯಲ್ಲಿ ‘ಸೈಬರ್‌ಸ್ಪೇಸ್’ ಎಂಬ ಮಾತನ್ನು ಬಳಸಿ, 1984ರ ‘ನ್ಯೂರೋಮ್ಯಾನ್ಸರ್’ ಕಾದಂಬರಿಯಿಂದ ಅದನ್ನು ಲೋಕಪ್ರಸಿದ್ಧಗೊಳಿಸಿದನು. ಗಣಕಯಂತ್ರಗಳ ಪರಿಚಯವು ಅಷ್ಟಾಗಿ ಇಲ್ಲದ ಈತನು ಆ ಗ್ರಂಥವನ್ನು ಹಳೆಯ ಟೈಪ್‌ರೈಟರಿನಲ್ಲಿ ಬಡಿದು ಬರೆದನೆಂಬುದು ವಿನೋದದ ಸಂಗತಿ.

ಆ ಕಾದಂಬರಿಯ ನಾಯಕನು ‘ಕನ್ಸೋಲ್ ಕೌಬಾಯ್’. ಕೌಬಾಯ್ ಎಂದರೆ ದನಗಾಹಿ. ಆದರೆ ನಮ್ಮ ಗೋವಳನ ಸೌಮ್ಯಮೂರ್ತಿಯನ್ನು ವಾಚಕರು ಕಲ್ಪಿಸಿಕೊಳ್ಳಬಾರದು. ಕಾಯಿದೆ ಇನ್ನೂ ತಲಪದ ಗಡಿನಾಡಿನಲ್ಲಿ ಕುದುರೆಯೇರಿ, ಕೂಲಿಗೆ ದುಡಿದು, ಬಂದೂಕಿನಿಂದ ವ್ಯಾಜ್ಯ ತೀರಿಸುವ ಒಂಟಿಗನೆಂದು ಅಮೆರಿಕದ ಚಲಚ್ಚಿತ್ರಗಳು ಅವನನ್ನು ಚಿತ್ರಿಸಿವೆ. ಅವನಿಗೆ ಕುದುರೆಗೆ ಬದಲಾಗಿ ‘ಡೆಕ್’ ಎಂಬ ಯಂತ್ರ. ತಲೆಗೆ ತಂತಿ ತೊಡಿಸಿ ಜಾಲವನ್ನು ಹೊಗುವುದಕ್ಕೆ ‘ಜ್ಯಾಕ್ ಇನ್’. ಕಂಪೆನಿಯ ಕಾವಲು ‘ಐಸ್’, ಎಂದರೆ ಮಂಜುಗಡ್ಡೆ. ಬಿಟ್ಟುಬಂದ ಶರೀರಕ್ಕೆ ‘ಮೀಟ್’, ಎಂದರೆ ಬರಿಯ ಮಾಂಸ. ಮೈಕ್ ಪಾಂಡ್‌ಸ್ಮಿತ್ 1988ರಲ್ಲಿ ಹೊರತಂದ ‘ಸೈಬರ್‌ಪಂಕ್’ ಎಂಬ ಪಾತ್ರಾಭಿನಯದ ಆಟದಲ್ಲಿ ಇದೇ ಕಸಬಿನವನು ‘ನೆಟ್‌ರನ್ನರ್’, ಎಂದರೆ ಜಾಲದಲ್ಲಿ ಓಡುವವನು. 1989ರ ‘ಶ್ಯಾಡೋರನ್’ ಎಂಬ ಆಟದಲ್ಲಿ ಅವನು ‘ಡೆಕ್ಕರ್’. ಸಂಸ್ಕೃತಜ್ಞರಾದ ವಾಚಕರಿಗೆ ಇವನು ಅಪರಿಚಿತನಲ್ಲ. ಮೃಚ್ಛಕಟಿಕದ ಮೂರನೆಯ ಅಂಕದಲ್ಲಿ ಶರ್ವಿಲಕನು ಗೋಡೆಯ ಮುಂದೆ ನಿಂತು, ಕನ್ನದ ಆಕೃತಿಗಳಲ್ಲಿ ಯಾವುದು ಶೋಭಿಸೀತೆಂದು ಶಾಸ್ತ್ರೋಕ್ತವಾಗಿ ಚರ್ಚಿಸಿ, ಯಜ್ಞೋಪವೀತವನ್ನೇ ಅಳತೆಯ ದಾರವಾಗಿ ಮಾಡಿಕೊಳ್ಳುತ್ತಾನೆ. ಕಳವಿನ ಆಸೆಗಿಂತ ಕೈಚಳಕದ ಅಭಿಮಾನವೇ ಅವನಲ್ಲಿ ದೊಡ್ಡದು. ಅವನನ್ನು ಕಂಡು ನಾವು ನಗುತ್ತೇವೆ; ಹಾಗೆಂದು ಆ ನಾಟಕವನ್ನು ಕಳ್ಳರ ಕೈಪಿಡಿಯೆಂದು ಯಾರೂ ಮುಟ್ಟುಗೋಲು ಹಾಕಿಕೊಂಡಿಲ್ಲ.

ಅಮೆರಿಕದಲ್ಲಿ ಹಾಗೂ ಆಯಿತು. 1990ನೆಯ ಇಸವಿ ಮಾರ್ಚಿ 1ನೆಯ ತಾರೀಖು ಟೆಕ್ಸಾಸಿನ ಆಸ್ಟಿನ್ ನಗರದಲ್ಲಿ ಸ್ಟೀವ್ ಜಾಕ್ಸನ್ ಎಂಬುವರ ಆಟಗಳ ಪ್ರಕಾಶನಾಲಯಕ್ಕೆ ಸೀಕ್ರೆಟ್ ಸರ್ವಿಸ್ ಇಲಾಖೆಯವರು ನುಗ್ಗಿ, ಗಣಕಯಂತ್ರಗಳನ್ನೂ ಅಚ್ಚಿಗೆ ಸಿದ್ಧವಾಗುತ್ತಿದ್ದ ‘ಗರ್ಪ್ಸ್ ಸೈಬರ್‌ಪಂಕ್’ ಎಂಬ ಪುಸ್ತಕದ ಕರಡನ್ನೂ ಎತ್ತಿಕೊಂಡು ಹೋದರು. ಕಲ್ಪಿತ ಕಾಲದ ಕಲ್ಪಿತ ಕಳ್ಳರ ಆಟಕ್ಕೆ ನಿಯಮಗಳನ್ನು ಹೇಳುವ ಆ ಪುಸ್ತಕವನ್ನು ಗಣಕಾಪರಾಧದ ಕೈಪಿಡಿಯೆಂದು ಅಧಿಕಾರಿಗಳು ಕರೆದರು. ಪ್ರಕಾಶನಾಲಯದ ಒಬ್ಬ ನೌಕರನು ಹ್ಯಾಕರುಗಳ ಬಳಗಕ್ಕೆ ಸೇರಿದವನಾಗಿದ್ದನು. ದೂರವಾಣಿ ಕಂಪೆನಿಯೊಂದರ ಕಾಗದವೊಂದು ಕಳವಾಗಿ ಆ ಬಳಗದಲ್ಲಿ ಹರಿದಾಡಿತ್ತು. ಆ ಕಾಗದದ ಬೆಲೆ 79,449 ಡಾಲರುಗಳೆಂದು ಮೊಕದ್ದಮೆಯಲ್ಲಿ ಹೇಳಲಾಗಿತ್ತು. ಅದರಲ್ಲಿದ್ದ ವಿಷಯಗಳೆಲ್ಲ ಅದೇ ಕಂಪೆನಿಯಿಂದ ಸುಮಾರು 13 ಡಾಲರು ಕೊಟ್ಟರೆ ಯಾರಿಗೂ ದೊರೆಯುತ್ತಿದ್ದವೆಂದು ನ್ಯಾಯಾಲಯದಲ್ಲಿ ಹೊರಬಿದ್ದಾಗ, ಆ ಕಾಗದವನ್ನು ಪ್ರಕಟಿಸಿದ ತರುಣನ ಮೇಲಿನ ಮೊಕದ್ದಮೆಯು ಮುರಿದುಬಿದ್ದಿತು. ಜಾಕ್ಸನರು ಸರ್ಕಾರದ ಮೇಲೆ ದಾವೆ ಹೂಡಿ 1993ರಲ್ಲಿ ಗೆದ್ದರು. 50 ಸಾವಿರ ಡಾಲರುಗಳಿಗೆ ಮೇಲ್ಪಟ್ಟು ಪರಿಹಾರವು ದೊರೆಯಿತು. ಆದರೆ ಆ ಮೂರು ವರ್ಷಗಳ ನಡುವೆ ಆತನು ತನ್ನ ಕೆಲಸಗಾರರಲ್ಲಿ ಹಲವರನ್ನು ಮನೆಗೆ ಕಳುಹಿಸಬೇಕಾಗಿ ಬಂದಿತು. ಹಗ್ಗವನ್ನು ಹಾವೆಂದು ಭ್ರಮಿಸುವ ರಜ್ಜುಸರ್ಪನ್ಯಾಯವನ್ನು ವೇದಾಂತಿಗಳು ಹೇಳುತ್ತಾರೆ. ಇಲ್ಲಿ ಹಾವಿನ ಚಿತ್ರವನ್ನು ಕಂಡು ಚಿತ್ರಗಾರನ ಮನೆಗೆ ಬೆಂಕಿಯಿಟ್ಟಂತಾಯಿತು. ಮುದ್ರಣಾಲಯದ ಬಾಗಿಲಿಗೆ ಅಧಿಕಾರಿಗಳು ಬಂದ ದಿನಗಳನ್ನು ಮರೆಯದ ಈ ದೇಶದ ಪತ್ರಿಕಾವೃತ್ತಿಯವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಅದೇ 1990ರಲ್ಲಿ ಜಾನ್ ಪೆರ್ರಿ ಬಾರ್ಲೋ, ಮಿಚ್ ಕೇಪರ್, ಜಾನ್ ಗಿಲ್‌ಮೋರ್ ಎಂಬುವರು ಜಾಲದಲ್ಲಿನ ಸ್ವಾತಂತ್ರ್ಯದ ರಕ್ಷಣೆಗಾಗಿ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಷನ್ ಎಂಬ ಸಂಸ್ಥೆಯನ್ನು ಕಟ್ಟಿದರು. ಬಾರ್ಲೋ ಎಂಬಾತನು ವಯೋಮಿಂಗಿನಲ್ಲಿ ನಿಜವಾಗಿಯೂ ದನಗಳನ್ನು ಸಾಕಿದವನು!

ಜಾಣರು ತಮಗೆ ಇಟ್ಟುಕೊಂಡ ಹೆಸರುಗಳು ಹೀಗಾದರೆ, ಉಳಿದ ನಮ್ಮಂತಹವರಿಗೆ ಇಟ್ಟ ಹೆಸರುಗಳನ್ನೂ ಕೇಳಬೇಕಲ್ಲವೆ? ಯಂತ್ರವನ್ನು ಬಳಸುವವನು ‘ಯೂಸರ್’. ಅವನಿಗೆ ಅವರು ಹಿಂದೆ ಒಂದಕ್ಷರವನ್ನು ಸೇರಿಸಿ ‘ಲೂಸರ್’ ಎಂದರು. ಬರಹದಲ್ಲಿ ಬೇರೆಯಾದರೂ ಕಿವಿಗೆ ಅದು ಸೋಲಾಳು ಎಂಬ ಮಾತೇ. ಹೊಸಬನು ‘ನ್ಯೂಬಿ’, ಏನೂ ತಿಳಿಯದೆ ತಿಳಿದವನಂತೆ ನಟಿಸುವವನು ‘ಲೇಮರ್’, ಪರರು ಬರೆದ ಸಾಧನವನ್ನು ಅರ್ಥವರಿಯದೆ ಪ್ರಯೋಗಿಸಿ ಹಾನಿಮಾಡುವವನು ‘ಸ್ಕ್ರಿಪ್ಟ್ ಕಿಡ್ಡಿ’, ಮಂತ್ರವನ್ನು ಬಾಯಿಪಾಠಮಾಡಿ ಅರ್ಥ ತಿಳಿಯದ ವಟುವಿನಂತೆ. ಮಾತನಾಡದೆ ಕೇಳುತ್ತ ಕೂರುವವನು ‘ಲರ್ಕರ್’. ಕೆಣಕಿ ಜಗಳ ಹಚ್ಚುವವನು ‘ಟ್ರೋಲ್’. ತಾವು ಮಾತ್ರ ‘ಎಲೀಟ್’, ಎಂದರೆ ಉತ್ತಮರು. ಅದನ್ನೂ ಅಕ್ಷರಗಳಿಗೆ ಬದಲಾಗಿ ಅಂಕಿಗಳಿಂದ 31337 ಎಂದು ಬರೆಯುವರು. 1993ರವರೆಗೆ ಪ್ರತಿ ಸೆಪ್ಟೆಂಬರಿನಲ್ಲಿ ಕಾಲೇಜಿಗೆ ಸೇರಿದ ಹೊಸ ವಿದ್ಯಾರ್ಥಿಗಳು ಯೂಸ್‌ನೆಟ್ ಎಂಬ ಚರ್ಚಾಜಾಲಕ್ಕೆ ಬಂದು, ಕೆಲವು ವಾರ ಗದ್ದಲವೆಬ್ಬಿಸಿ, ಬಳಿಕ ಮರ್ಯಾದೆ ಕಲಿಯುತ್ತಿದ್ದರಂತೆ. ಆ ವರ್ಷದ ಬಳಿಕ ಸಾಮಾನ್ಯ ಜನರ ಪ್ರವಾಹವು ನಿಲ್ಲದೆ ಹರಿದುಬಂದುದರಿಂದ ಹಳಬರು ಅದನ್ನು ‘ಮುಗಿಯದ ಸೆಪ್ಟೆಂಬರ್’ ಎಂದು ಕರೆದರು. ವಿದ್ಯೆಯು ಕೆಲವರ ಸೊತ್ತಾದಾಗ ಆ ಕೆಲವರು ಉಳಿದವರಿಗೆ ಅಡ್ಡಹೆಸರು ಇಡುತ್ತಾರೆಂಬುದು ನಮ್ಮ ಅಗ್ರಹಾರಗಳ ಚರಿತ್ರೆಯನ್ನು ಬಲ್ಲವರಿಗೆ ಹೊಸತಲ್ಲ. ಜ್ಞಾನ ಎಲ್ಲರದೂ ಆಗಲಿ ಎಂದು ಸಾರಿದವರ ಬಾಯಿಂದಲೇ ಇವು ಹೊರಟವೆಂಬುದು ಮಾತ್ರ ವಿಷಾದಕರವಾದುದು.

ನಮ್ಮ ನೆಲದ ಎರಡು ಶಬ್ದಗಳಿಗೂ ಈ ನಿಘಂಟಿನಲ್ಲಿ ಮನ್ನಣೆ ದೊರೆತಿದೆ. ಒಂದು ವಿದ್ಯೆಯ ಆಳವನ್ನು ಕಂಡು ಇತರರಿಗೂ ತೋರಿಸಬಲ್ಲವನು ಹ್ಯಾಕರುಗಳ ಆಡುನುಡಿಯಲ್ಲಿ ‘ಗುರು’. ಜಾಲದೊಳಗೆ ಮನುಷ್ಯನು ತಾಳುವ ಕಲ್ಪಿತ ರೂಪವು ‘ಅವತಾರ್’; 1985ರ ಒಂದು ಆಟದಲ್ಲಿಯೂ ಬಳಿಕ ‘ಹ್ಯಾಬಿಟ್ಯಾಟ್’ ಎಂಬ ಇನ್ನೊಂದು ಆಟದಲ್ಲಿಯೂ ಬಂದ ಈ ಮಾತನ್ನು ನೀಲ್ ಸ್ಟೀಫನ್‌ಸನ್ 1992ರ ‘ಸ್ನೋ ಕ್ರ್ಯಾಶ್’ ಕಾದಂಬರಿಯಿಂದ ಮನೆಮಾತಾಗಿಸಿದನು. ಮೇಲಿಂದ ಕೆಳಗಿಳಿಯುವುದೆಂಬ ಧಾತ್ವರ್ಥವು ಅಲ್ಲಿಗೂ ಒಪ್ಪುತ್ತದೆ.

ಒಳ್ಳೆಯವರನ್ನೂ ಕೆಟ್ಟವರನ್ನೂ ಬೇರ್ಪಡಿಸಲು ಈಗ ಬಳಕೆಯಲ್ಲಿರುವುದು ಟೊಪ್ಪಿಗೆಯ ಲೆಕ್ಕ. ಹಳೆಯ ಕೌಬಾಯ್ ಚಿತ್ರಗಳಲ್ಲಿ ನಾಯಕನಿಗೆ ಬಿಳಿಯ ಟೊಪ್ಪಿಗೆ, ಖಳನಿಗೆ ಕರಿಯದು. ಬಯಲಾಟದಲ್ಲಿ ಬಣ್ಣದ ವೇಷವನ್ನು ಕಂಡೊಡನೆ ರಾಕ್ಷಸನೆಂದು ಮಕ್ಕಳು ತಿಳಿಯುವಂತೆ. ಅದರಂತೆ ಅನುಮತಿ ಪಡೆದು ಪರೀಕ್ಷಿಸುವವನು ‘ವೈಟ್ ಹ್ಯಾಟ್’, ಹಾನಿಗೆಂದು ಹೊಗುವವನು ‘ಬ್ಲ್ಯಾಕ್ ಹ್ಯಾಟ್’, ನಡುವಿನವನು ‘ಗ್ರೇ ಹ್ಯಾಟ್’. 1998ರ ಮೇ 19ರಂದು ಬಾಸ್ಟನ್ನಿನ ‘ಲಾಫ್ಟ್’ ಎಂಬ ಗುಂಪಿನ ಏಳು ಮಂದಿ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ‘ಮಡ್ಜ್’, ‘ಸ್ಪೇಸ್ ರೋಗ್’, ‘ಕಿಂಗ್‌ಪಿನ್’ ಮುಂತಾದ ಅಡ್ಡಹೆಸರುಗಳಿಂದಲೇ ಕುಳಿತು, ತಾವು ಮನಸ್ಸುಮಾಡಿದರೆ 30 ನಿಮಿಷಗಳಲ್ಲಿ ಅಂತರಜಾಲವನ್ನು ಸ್ತಬ್ಧಗೊಳಿಸಬಹುದೆಂದು ಎಚ್ಚರಿಸಿದರು. ಸೆನೆಟರುಗಳು ಅವರನ್ನು ಬಂಧಿಸಲಿಲ್ಲ, ವಂದನೆ ಹೇಳಿದರು. ಎಂಟು ವರ್ಷಗಳಲ್ಲಿ ಆ ದೇಶವು ಇಷ್ಟು ಕಲಿತಿತ್ತು.

ನಮ್ಮ ದೇಶವು ಏನು ಕಲಿಯಿತು? ಅಧಿಕಾರಿವರ್ಗದ ವಾಚಕರು ಇದನ್ನು ಗಮನಿಸತಕ್ಕದ್ದು. 2000ನೆಯ ಇಸವಿಯ ಮಾಹಿತಿ ತಂತ್ರಜ್ಞಾನ ಶಾಸನದ 66ನೆಯ ಕಲಮಿಗೆ ‘ಹ್ಯಾಕಿಂಗ್’ ಎಂದೇ ಶಿರೋನಾಮೆಯಿತ್ತು. ಮೂರು ವರ್ಷದವರೆಗೆ ಸೆರೆವಾಸ, ಎರಡು ಲಕ್ಷ ರೂಪಾಯಿವರೆಗೆ ದಂಡ. 2008ರಲ್ಲಿ ಶಾಸನವು ತಿದ್ದುಪಡಿಯಾಗಿ, 2009ರ ಅಕ್ಟೋಬರ್ 27ರಿಂದ ಜಾರಿಗೆ ಬಂದ ರೂಪದಲ್ಲಿ ಆ ಶಬ್ದವು ಕಲಮಿನಿಂದ ಹೊರಟುಹೋಯಿತು. ಅದರ ಸ್ಥಾನದಲ್ಲಿ ‘ಅಪ್ರಾಮಾಣಿಕವಾಗಿ ಅಥವಾ ವಂಚನೆಯಿಂದ’ ಎಂಬ ಮಾತುಗಳು ಬಂದು ಕುಳಿತವು. ಬೀದಿಯ ಬಿರುದನ್ನು ನೋಡಬೇಡಿ, ಮಾಡಿದವನ ಬುದ್ಧಿಯನ್ನು ನೋಡಿ ಎಂಬುದೇ ಇದರ ತಾತ್ಪರ್ಯ. ಶಾಸನವು ಬಿಟ್ಟುಬಿಟ್ಟ ಶಬ್ದವನ್ನು ನಾವು ಪತ್ರಿಕೆಯವರು ಮಾತ್ರ ಈ ದಿನದವರೆಗೂ ಬಿಟ್ಟಿಲ್ಲ.

ಕೆಟ್ಟ ಹೆಸರನ್ನು ಆಜ್ಞೆಯಿಂದ ತೊಳೆಯಲಾಗದೆಂಬುದನ್ನು ನಾವು ಬಲ್ಲೆವು. ಜನರು ಆಡುವ ಮಾತಿಗೆ ಸಂಪಾದಕನು ಒಡೆಯನಲ್ಲ. ತನ್ನ ಪುಟಕ್ಕೆ ಮಾತ್ರ ಹೊಣೆಗಾರನು. ಆದುದರಿಂದ ಇನ್ನು ಮುಂದೆ ನಮ್ಮ ಪತ್ರಿಕೆಯಲ್ಲಿ ದೂರವಾಣಿಯಲ್ಲಿ ನಂಬಿಸಿ ಹಣ ಹೊಡೆದವನು ವಂಚಕನೆಂದೂ, ಪರರ ಯಂತ್ರಕ್ಕೆ ಕನ್ನವಿಕ್ಕಿದವನು ಕನ್ನಗಳ್ಳನೆಂದೂ ಅಚ್ಚಾಗತಕ್ಕದ್ದೆಂದು ಉಪಸಂಪಾದಕರಿಗೆ ತಿಳಿಸಿದ್ದೇವೆ. ಈ ಎರಡೂ ಕನ್ನಡದಲ್ಲಿ ಬಹುಕಾಲದಿಂದ ಇರುವ ಮಾತುಗಳು. ಅರ್ಥ ತಿಳಿಯಲು ಯಾರೂ ಅಮೆರಿಕಕ್ಕೆ ಹೋಗಬೇಕಾಗಿಲ್ಲ. ಕಳೆದ ತಿಂಗಳ ಆ ತಲೆಬರಹವು ತಪ್ಪಾಗಿತ್ತು. ತರುಣನ ತಾಯಿಯವರು ಈ ಪುಟವನ್ನೂ ಓದುವರೆಂದು ನಂಬಿದ್ದೇವೆ. ಅಮ್ಮಾ, ಹೆಣ್ಣು ಕೊಡುವವರು ಕೇಳಿದರೆ, ನಿಮ್ಮ ಮಗನು ಊರಿನವರ ಬೀಗಗಳನ್ನು ಪರೀಕ್ಷಿಸಿ ಭದ್ರಪಡಿಸುವ ಉದ್ಯೋಗದಲ್ಲಿದ್ದಾನೆಂದು ಸಂಕೋಚವಿಲ್ಲದೆ ಹೇಳಬಹುದು.